ಆಟದ ಕಾರಿಗೆ ಮನೆಯಲ್ಲೇ ಚೌಕಟ್ಟು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ದಿನನಿತ್ಯದ ಬದುಕಿನಲ್ಲಿ ವಿಜ್ಞಾನ ಎಂಬ ವಿಷಯದ ಮೇಲೆ ಮಾತನಾಡಲು ನನಗೆ ಹೇಳಿದ್ದಾರೆ. ನಾನು ಆರಿಸಿಕೊಂಡಿರುವುದು ಒಂದು ಆಟದ ಸಾಮಾನು. ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವವರು ಸೀಟು, ಸ್ಟೀರಿಂಗು, ಪೆಡಲುಗಳನ್ನು ಒಂದೇ ಚೌಕಟ್ಟಿಗೆ ಕೂರಿಸಿ ಕಾರಿನೊಳಗೆ ಕೂತ ಹಾಗೆ ಕೂರುತ್ತಾರೆ. ಅದಕ್ಕೆ ಕಾಕ್‌ಪಿಟ್ ಎನ್ನುತ್ತಾರೆ. ಅಂಗಡಿಯಲ್ಲಿ ಬರೀ ಚೌಕಟ್ಟಿಗೇ ಹತ್ತಾರು ಸಾವಿರ ಕೇಳುತ್ತಾರೆ. ಕಳೆದ ಬೇಸಿಗೆ ರಜದಲ್ಲಿ ನಾನೂ ನನ್ನ ಅಕ್ಕನ ಮಗನೂ ಸೇರಿ ಅದನ್ನು ಮನೆಯಲ್ಲೇ ಕಟ್ಟಿದೆವು. ನಾನು ಪೀಣ್ಯದಲ್ಲಿ ಫಿಟ್ಟರ್ ಕೆಲಸ ಮಾಡುವವನು, ಅವನು ಒಂಬತ್ತನೇ ತರಗತಿ ಮುಗಿಸಿದ್ದ. "ಹೈಸ್ಕೂಲು ವೇದಿಕೆಯಲ್ಲಿ ಇದೇನಪ್ಪಾ ಆಟದ ಮಾತು" ಎಂದು ಹಿರಿಯರಿಗೆ ಅನ್ನಿಸಿದರೆ ತಪ್ಪಲ್ಲ. ಹತ್ತು ನಿಮಿಷ ತಾಳ್ಮೆಯಿಂದ ಕೇಳಿ.

ಇಲ್ಲಿರುವ ಹಿರಿಯರಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಳ್ಳದವರು, ಸೈಕಲ್ ಟೈರನ್ನು ಕೋಲಿನಲ್ಲಿ ತಟ್ಟಿ ಓಡಿಸದವರು ಯಾರಿದ್ದೀರಿ? ಜೋಳದ ದಂಟಿನಲ್ಲಿ ಗಾಡಿ ಕಟ್ಟಿದವರೂ ಇದ್ದೀರಿ. ಇವತ್ತಿನ ಮಕ್ಕಳು ಮೊಬೈಲಿನ ಬಸ್ ಆಟದಲ್ಲಿ ಕೆಎಸ್‌ಆರ್‌ಟಿಸಿ ಕೆಂಬಸ್ಸಿನ ಬಣ್ಣ ಹಾಕಿಕೊಂಡು ಓಡಿಸುತ್ತಾರೆ. ಆಸೆ ಅದೇ. ಆದರೆ ಒಂದು ವ್ಯತ್ಯಾಸವಿದೆ. ನಮ್ಮ ಗಾಡಿಯನ್ನು ನಾವೇ ಕಟ್ಟಿಕೊಳ್ಳುತ್ತಿದ್ದೆವು, ಅವರದು ಕಟ್ಟಿಟ್ಟದ್ದು ಸಿಗುತ್ತದೆ. ಕಟ್ಟುವ ಕೆಲಸವನ್ನು ಅವರ ಕೈಗೆ ಮತ್ತೆ ಕೊಡಬೇಕು ಎಂಬುದೇ ನನ್ನ ಮಾತಿನ ಸಾರ.

ಇಂಥ ಯಂತ್ರಗಳ ಮೂಲವೂ ಒಂದು ಕಸುಬಿನ ಮನೆಯೇ. ಅಮೆರಿಕದಲ್ಲಿ ಎಡ್ವಿನ್ ಲಿಂಕ್ ಎಂಬ ಯುವಕನಿದ್ದ. ಅವನ ತಂದೆಯದು ಆರ್ಗನ್ ಎಂಬ ವಾದ್ಯ ತಯಾರಿಸುವ ಕಾರ್ಖಾನೆ. ಆರ್ಗನ್ ಎಂದರೆ ನಮ್ಮ ಹಾರ್ಮೋನಿಯಂನ ದೊಡ್ಡಣ್ಣ, ತಿದಿಯ ಗಾಳಿಯಿಂದ ನುಡಿಯುವಂಥದ್ದು. ಲಿಂಕ್‌ಗೆ ವಿಮಾನ ಕಲಿಯುವ ಹುಚ್ಚು, ಪಾಠದ ಶುಲ್ಕ ಮಾತ್ರ ದುಬಾರಿ. ಅವನು ಕಾರ್ಖಾನೆಯ ತಿದಿಗಳನ್ನೇ ಬಳಸಿ, ನೆಲದ ಮೇಲೆ ನಿಂತಲ್ಲೇ ಓಲಾಡುವ ಪುಟ್ಟ ವಿಮಾನವೊಂದನ್ನು 1929ರ ಹೊತ್ತಿಗೆ ಮಾಡಿದ. ಮೊದಲಿಗೆ ಅದನ್ನು ಹೆಚ್ಚಾಗಿ ಕೊಂಡವರು ಜಾತ್ರೆಯಂಥ ಮನರಂಜನಾ ಪಾರ್ಕುಗಳವರು. 1934ರಲ್ಲಿ ಅಮೆರಿಕದ ಸೇನೆ ವಿಮಾನದಲ್ಲಿ ಟಪಾಲು ಸಾಗಿಸುವಾಗ ಕೆಟ್ಟ ಹವೆಗೆ ಸಿಕ್ಕಿ ಹಲವು ಪೈಲಟ್‌ಗಳು ಸತ್ತರು. ಆಗ ಸೇನೆ ಇಂಥ ಆರು ಯಂತ್ರಗಳನ್ನು ಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಪೈಲಟ್‌ಗಳು ಅದರಲ್ಲಿ ಕಲಿತರು. ಆಟದ ಸಾಮಾನು ಜೀವ ಉಳಿಸುವ ಸಾಮಾನಾಯಿತು.

ಈಗ ನಮ್ಮ ಚೌಕಟ್ಟಿಗೆ ಬರೋಣ. ಟೇಬಲ್ಲು ಕುರ್ಚಿ ಇರುವಾಗ ಅದು ಯಾಕೆ ಬೇಕು? ಮಕ್ಕಳೇ, ನ್ಯೂಟನ್ನನ ಮೂರನೇ ನಿಯಮ ಹೇಳಿ. ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇದೆ. ಗಾಲಿ ಕುರ್ಚಿಯಲ್ಲಿ ಕೂತು ಬ್ರೇಕ್ ಪೆಡಲ್ ಒತ್ತಿದರೆ ಪೆಡಲ್ ಮುಂದಕ್ಕೆ, ಕುರ್ಚಿ ಹಿಂದಕ್ಕೆ. ಜೋರಾಗಿ ಒತ್ತಿದ ಕಾಲು ಮೂವತ್ತು ನಲವತ್ತು ಕಿಲೋ ಭಾರ ಹಾಕುವುದು ದೊಡ್ಡ ಮಾತಲ್ಲ. ಸೀಟೂ ಪೆಡಲೂ ಒಂದೇ ಚೌಕಟ್ಟಿಗೆ ಬಿಗಿದಿದ್ದರೆ ಎರಡು ಬಲಗಳೂ ಚೌಕಟ್ಟಿನೊಳಗೇ ತೀರಿಹೋಗುತ್ತವೆ. ಮಿಕ್ಕಿದ್ದೆಲ್ಲ ಅಲಂಕಾರ.

ಕಬ್ಬಿಣ ತರುವ ಮೊದಲು ಮೈ ಅಳೆಯಬೇಕು. ಸೀಟನ್ನು ನೆಲದ ಮೇಲಿಟ್ಟು ಹುಡುಗನನ್ನು ಕೂರಿಸಿದೆವು. ಪೆಡಲ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಗ್ಗಿರಬೇಕು. ಬೆನ್ನು ಸೀಟಿಗೆ ಒರಗಿದ್ದಾಗ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ಕೂರಬೇಕು. ಸೀಮೆಸುಣ್ಣದಲ್ಲಿ ನೆಲದ ಮೇಲೇ ಗುರುತು ಹಾಕಿ, ಅದನ್ನು ಅಳೆದು ಕಾಗದದಲ್ಲಿ ಚಿತ್ರ ಬರೆದೆವು. ಹುಡುಗ ಬೆಳೆಯುತ್ತಾನೆ, ಆದ್ದರಿಂದ ಸೀಟಿನ ಕೆಳಗೆ ಹಿಂದೆ ಮುಂದೆ ಸರಿಸಲು ಸಾಲಾಗಿ ತೂತುಗಳಿರಲಿ.

ಸೀಟು ಗುಜರಿಯಿಂದ ತಂದ ಹಳೆಯ ಆಮ್ನಿಯದು. ಚೌಕಟ್ಟಿಗೆ ಒಂದೂವರೆ ಇಂಚಿನ ಚೌಕ ಪೈಪು, ವೆಲ್ಡಿಂಗ್ ಶಾಪಿನಲ್ಲಿ ಕೂಡಿಸಿದ್ದು. ಸ್ಟೀರಿಂಗ್ ನಿಲ್ಲುವ ಕಂಬಕ್ಕೆ ಓರೆಯಾಗಿ ಒಂದು ಪಟ್ಟಿ ಕೊಡಲೇಬೇಕು. ತೋಟದ ಗೇಟು ಜೋಲದಿರಲಿ ಎಂದು ಮೂಲೆಯಿಂದ ಮೂಲೆಗೆ ಪಟ್ಟಿ ಹೊಡೆಯುವುದಿಲ್ಲವೇ, ಅದೇ ಲೆಕ್ಕ. ಚೌಕ ಓರೆಯಾಗುತ್ತದೆ, ತ್ರಿಕೋನ ಅಲುಗುವುದಿಲ್ಲ.

ಪೆಡಲ್ ಕೂರಿಸುವ ಹಲಗೆಗೆ ನಮ್ಮದೇ ತೆಂಗಿನ ಮರ ಬಳಸಿದೆವು. ನಿಮಗೆ ಗೊತ್ತಿರುವಂತೆ ಬಲಿತ ತೆಂಗಿನ ಮರದ ಹೊರಸುತ್ತು ಮಾತ್ರ ಗಟ್ಟಿ, ಒಳಗಿನದು ಮೆತ್ತಗೆ. ಹೊರಭಾಗದ ಹಲಗೆಯನ್ನೇ ಆರಿಸಿ, ಸ್ಕ್ರೂ ನಂಬದೆ, ಆಚೆಯಿಂದೀಚೆಗೆ ಬೋಲ್ಟು ವಾಷರು ಹಾಕಿ ಬಿಗಿಯಬೇಕು. ಚೌಕಟ್ಟಿನ ಕಾಲುಗಳ ಕೆಳಗೆ ತೆಂಗಿನ ನಾರಿನ ದಪ್ಪ ಚಾಪೆಯ ತುಂಡು ಇಟ್ಟರೆ ಅದುರುವ ಸದ್ದು ಇಳಿಯುತ್ತದೆ.

ಇನ್ನು ಪೆಡಲು. ನಾವು ಸೆಕೆಂಡ್‌ಹ್ಯಾಂಡಿನಲ್ಲಿ ಸ್ಟೀರಿಂಗು ಮಾತ್ರ ಕೊಂಡೆವು, ಪೆಡಲು ನಾವೇ ಮಾಡಿದೆವು. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠದಲ್ಲಿ ಬದಲಾಗುವ ರೋಧ ಓದುತ್ತೀರಿ. ಹಳೆಯ ರೇಡಿಯೋದ ವಾಲ್ಯೂಮ್ ತಿರುಗಣೆ ಅಂಥದ್ದೇ. ಅದಕ್ಕೆ ಮೂರು ಕಾಲು. ಎರಡು ತುದಿಗಳಿಗೆ ಐದು ವೋಲ್ಟ್ ಕೊಟ್ಟರೆ, ತಿರುಗಿಸಿದಂತೆ ನಡುವಿನ ಕಾಲಿನಲ್ಲಿ ಸೊನ್ನೆಯಿಂದ ಐದರವರೆಗೆ ವೋಲ್ಟೇಜ್ ಬದಲಾಗುತ್ತದೆ. ಪೆಡಲಿನ ಕೀಲಿಗೆ ಈ ತಿರುಗಣೆ ಕಟ್ಟಿದೆವು. ಆರ್ಡುವಿನೊ ಜಾತಿಯ ಪ್ರೊ ಮೈಕ್ರೊ ಎಂಬ ಬೆರಳುದ್ದದ ಬೋರ್ಡು ಆ ವೋಲ್ಟೇಜನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಓದಿ ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರಿಗೆ ಹೇಳುತ್ತದೆ. ಬ್ರೇಕಿನ ಹಿಂದೆ ಗಟ್ಟಿ ರಬ್ಬರ್ ಬುಷ್ ಇಟ್ಟೆವು. ನಿಜವಾದ ಕಾರಿನ ಬ್ರೇಕಿನಲ್ಲಿ ಕಾಲು ಎಷ್ಟು ದೂರ ಹೋಯಿತು ಎನ್ನುವುದಕ್ಕಿಂತ ಎಷ್ಟು ಬಲ ಬಿತ್ತು ಎನ್ನುವುದೇ ಮುಖ್ಯ. ತಂದೆ ತಾಯಂದಿರು ಹೆದರಬೇಡಿ, ಪೆಡಲಿನಲ್ಲಿ ಹರಿಯುವುದು ಐದೇ ವೋಲ್ಟು. ಗೋಡೆಯ ಕರೆಂಟನ್ನು ಮಕ್ಕಳು ಮುಟ್ಟುವ ಕೆಲಸ ಇದರಲ್ಲಿ ಎಲ್ಲೂ ಇಲ್ಲ. ವೆಲ್ಡಿಂಗು ಮಾತ್ರ ಕಸುಬಿನವರ ಕೈಯಲ್ಲೇ ಆಗಲಿ.

ಖರ್ಚಿನ ಲೆಕ್ಕ ಹೇಳಿಬಿಡುತ್ತೇನೆ. ಪೈಪು 1,900 ರೂಪಾಯಿ, ವೆಲ್ಡಿಂಗ್ ಕೂಲಿ 800, ಸೀಟು 1,000, ಬೋಲ್ಟು ಬಣ್ಣ 450, ಪೆಡಲಿನ ಬೋರ್ಡು, ತಿರುಗಣೆ, ಸ್ಪ್ರಿಂಗು 1,100. ಒಟ್ಟು 5,250. ಹಲಗೆ, ಚಾಪೆ ಮನೆಯವು. ಹಳೆಯ ಸ್ಟೀರಿಂಗಿಗೆ 8,000. ಕಂಪ್ಯೂಟರ್ ಭಾವ ಮೊದಲೇ ಕೊಂಡಿದ್ದು, ಹಳೆಯದು. ಅದರಲ್ಲಿ ಓಡುವ, ದುಡ್ಡು ಕೇಳದ ಆಟಗಳಿವೆ. ಸ್ಪೀಡ್ ಡ್ರೀಮ್ಸ್ ಅಂಥದ್ದೊಂದು. ಸ್ಟೀರಿಂಗಿಗೂ ದುಡ್ಡಿಲ್ಲದವರು ಅದೇ ತಿರುಗಣೆಯ ಉಪಾಯದಲ್ಲಿ ಅದನ್ನೂ ಮಾಡಬಹುದು. ಕೈಗೆ ಎದುರೊತ್ತು ಕೊಡುವ ಮೋಟಾರ್ ಇರುವುದಿಲ್ಲ, ಅಷ್ಟೇ.

ಮಕ್ಕಳು ಕೇಳುತ್ತಾರೆ: "ಇದರಿಂದ ರೇಸ್ ಡ್ರೈವರ್ ಆಗಬಹುದಾ?" ಬ್ರಿಟನ್ನಿನ ಜಾನ್ ಮಾರ್ಡನ್‌ಬರೊ 2011ರಲ್ಲಿ ಗ್ರಾನ್ ಟುರಿಸ್ಮೊ ಆಟದ ಸ್ಪರ್ಧೆಯಲ್ಲಿ ಸುಮಾರು 90,000 ಜನರ ನಡುವೆ ಗೆದ್ದು, 2013ರಲ್ಲಿ ಲ ಮಾನ್‌ನ 24 ಗಂಟೆಗಳ ರೇಸಿನಲ್ಲಿ ತನ್ನ ವಿಭಾಗದ ಮೂರನೇ ಸ್ಥಾನದ ತಂಡದಲ್ಲಿದ್ದ. ನಮ್ಮ ಬೆಂಗಳೂರಿನ ಕುಶ್ ಮೈನಿ ಫಾರ್ಮುಲಾ 2ರವರೆಗೆ ಹೋಗಿದ್ದಾರೆ, ಆದರೆ ಅವರದು ಚಿಕ್ಕಂದಿನಿಂದ ಕಾರ್ಟ್ ಓಡಿಸಿ ಬಂದ ದಾರಿ. 90,000ದಲ್ಲಿ ಒಬ್ಬ ಎಂಬ ಲೆಕ್ಕವನ್ನು ಮರೆಯಬೇಡಿ. ಆದರೆ ಅಳೆಯುವುದು, ಚಿತ್ರ ಬರೆಯುವುದು, ಬೆಸುಗೆ ಹಾಕುವುದು, ಪ್ರೋಗ್ರಾಂ ತಿದ್ದುವುದು ಕಟ್ಟಿದ ಪ್ರತಿಯೊಬ್ಬನ ಕೈಗೂ ಹತ್ತುತ್ತದೆ. ಐಟಿಐಗೋ ಡಿಪ್ಲೊಮಾಗೋ ಸೇರಿದ ದಿನ ಅವನು ಹೊಸಬನಾಗಿರುವುದಿಲ್ಲ. ಕೆಲಸ ಕೊಡುವವರು ನಮ್ಮಲ್ಲಿ ಮೊದಲು ನೋಡುವುದು ಕೈಯನ್ನು.

ಕೊನೆಯದಾಗಿ ಊರಿನ ಬಂಧುಗಳಿಗೆ ಒಂದು ಮಾತು. ಕೆ.ಬಿ. ಕ್ರಾಸ್ ನಾಲ್ಕು ದಿಕ್ಕಿನ ವಾಹನ ಸೇರುವ ಜಾಗ. ತುಮಕೂರು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಲಾರಿ ಬಸ್ಸುಗಳ ನಡುವೆ, ಮೀಸೆ ಚಿಗುರದ ಹುಡುಗರು ಅಪ್ಪನ ಬೈಕಿನಲ್ಲಿ ಮೂವರು ಕೂತು ನುಗ್ಗುವುದನ್ನು ನೀವೂ ನೋಡಿದ್ದೀರಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಂತೆ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ದಂಡ ಕಟ್ಟಿದರೆ ಮುಗಿಯುತ್ತದೆ, ಮಗನನ್ನು ಕಳೆದುಕೊಂಡ ಮನೆಗೆ ಯಾವುದೂ ಮುಗಿಯುವುದಿಲ್ಲ. ವೇಗದ ಆಸೆ ಆ ವಯಸ್ಸಿಗೆ ಸಹಜ. ಅದನ್ನು ಬೈದು ಓಡಿಸಲಾಗುವುದಿಲ್ಲ, ಕೂರಲು ಬೇರೆ ಜಾಗ ಕೊಡಬೇಕು. ಪರದೆಯ ಮೇಲೆ ಕಾರು ಉರುಳಿದರೆ ಒಂದು ಗುಂಡಿ ಒತ್ತಿದರೆ ಸಾಕು, ಮತ್ತೆ ಎದ್ದು ನಿಲ್ಲುತ್ತದೆ. ಮಕ್ಕಳೇ, ರಸ್ತೆಯಲ್ಲಿ ಆ ಗುಂಡಿ ಇಲ್ಲ. ಈ ಚೌಕಟ್ಟಿನಲ್ಲಿ ಕೂತು ಪಳಗಿದರೂ ಲೈಸೆನ್ಸಿಗೆ ಹದಿನೆಂಟು ತುಂಬಲೇಬೇಕು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಮಕ್ಕಳ ಕೈಯಿಂದಲೇ ಇಂಥದ್ದೊಂದು ಕಟ್ಟಿಸೋಣ. ಪೈಪು, ವೆಲ್ಡಿಂಗಿನ ಖರ್ಚು ನನ್ನದು. ಯಾರ ಮನೆಯಲ್ಲಾದರೂ ಹಳೆಯ ಕಂಪ್ಯೂಟರ್ ಮೂಲೆ ಸೇರಿದ್ದರೆ ಕೊಡಿ. ಗುರುಗಳು ಒಪ್ಪಿದರೆ ಮುಂದಿನ ದಸರಾ ರಜದಲ್ಲಿ ನಾನು ಟೇಪು ಸೀಮೆಸುಣ್ಣ ಹಿಡಿದು ಬರುತ್ತೇನೆ. ಮೊದಲ ದಿನ ಆಟವಿಲ್ಲ, ಬರೀ ಅಳತೆ.