ಬಿರುಗಾಳಿಗೆ ಅಪ್ಪಣೆ ಕೊಟ್ಟವರು ಯಾರು?

ನಾತಾಳ ಬಂತೆಂದರೆ ಕಾರವಾರ, ಅಂಕೋಲೆಯ ಕ್ರೈಸ್ತರ ಮನೆಗಳ ಮುಂದೆ ನಕ್ಷತ್ರದ ಗೂಡುದೀಪ ತೂಗುತ್ತದೆ. ಹಬ್ಬದ ತಿಂಡಿ ನೆರೆಮನೆಗೂ ಹೋಗುತ್ತದೆ. ಇಷ್ಟು ಒಡನಾಟವಿದ್ದರೂ ಒಂದು ಪ್ರಶ್ನೆ ಎಷ್ಟೋ ಜನರ ಮನಸ್ಸಿನಲ್ಲಿ ಉಳಿದಿರುತ್ತದೆ. ಕ್ರೈಸ್ತರ ಪಾಲಿಗೆ ಯೇಸು ಯಾರು? ಗುರುವೇ, ಪ್ರವಾದಿಯೇ, ದೇವರೇ? ದೇವರೇ ಎಂಬುದು ಅವರ ನಂಬಿಕೆ. ಆ ನಂಬಿಕೆಗೆ ಬೈಬಲಿನಲ್ಲಿ ಏನು ಆಧಾರವಿದೆ ಎಂಬುದನ್ನು ಇವತ್ತು ನೋಡೋಣ.

ಯೇಸು ಜನರ ನಡುವೆ ನಿಂತು ತಾನು ದೇವರೆಂದು ನೇರವಾಗಿ ಸಾರಿದ ಪ್ರಸಂಗ ಅವರ ಜೀವನ ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಇಲ್ಲ. ಅಲ್ಲಿನ ಸಾಕ್ಷ್ಯದ ಬಗೆಯೇ ಬೇರೆ. ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯು ಯಾವ ಕೆಲಸಗಳನ್ನು ದೇವರೊಬ್ಬನಿಗೇ ಮೀಸಲಿಟ್ಟಿದೆಯೋ, ಅವೇ ಕೆಲಸಗಳನ್ನು ಹೊಸ ಒಡಂಬಡಿಕೆಯಲ್ಲಿ ಯೇಸು ಮಾಡುತ್ತಾರೆ. ಮೊದಲಿನದು ಗೊತ್ತಿಲ್ಲದಿದ್ದರೆ ಎರಡನೆಯದರ ತೂಕ ತಿಳಿಯುವುದಿಲ್ಲ.

ಈ ಮರ್ಮವನ್ನು ನಮ್ಮ ಕರಾವಳಿಯಲ್ಲಿ ನಾನೂರು ವರ್ಷಗಳ ಹಿಂದೆಯೇ ಒಬ್ಬರು ಅರಿತಿದ್ದರು. ಅವರು ಗೋವೆಯ ಸಾಷ್ಟಿಯಲ್ಲಿದ್ದ ಇಂಗ್ಲೆಂಡಿನ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್. ಮರಾಠಿಗೆ ಕೊಂಕಣಿ ಬೆರೆಸಿ ಅವರು ರಚಿಸಿದ 'ಕ್ರಿಸ್ತಪುರಾಣ' 1616ರಲ್ಲಿ ರಾಯತೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಓವಿ ಎಂಬ ಸುಮಾರು 11,000 ಪದ್ಯಗಳಿವೆ. ಅದರ ಎರಡು ಪುರಾಣಗಳಲ್ಲಿ ಯೇಸುವಿನ ಜೀವನ ಬರುವುದು ಎರಡನೆಯದರಲ್ಲಿ. ಮೊದಲನೆಯ ಪುರಾಣವಿಡೀ ಸೃಷ್ಟಿಯಿಂದ ಹಿಡಿದು ಹಳೆಯ ಒಡಂಬಡಿಕೆಯ ಕಥೆ. ಗೋವೆಯಿಂದ ತೆಂಕಣಕ್ಕೆ ಬಂದು ನೆಲೆಸಿದ ಕೊಂಕಣಿ ಕ್ರೈಸ್ತರ ನಡುವೆ ಈ ಕಾವ್ಯ ಬಹುಕಾಲ ಬಳಕೆಯಲ್ಲಿತ್ತು. 1907ರಲ್ಲಿ ಮಂಗಳೂರಿನಲ್ಲಿ ಮತ್ತೆ ಪ್ರಕಟವಾಯಿತು.

ಈಗ ಮಾರ್ಕನ ಶುಭಸಂದೇಶದ ನಾಲ್ಕನೆಯ ಅಧ್ಯಾಯಕ್ಕೆ ಬರೋಣ. ಬೈತಖೋಲದ, ಬೇಲೇಕೇರಿಯ ಮೀನುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆಯ ಹೊತ್ತು. ಗಲಿಲಾಯ ಸರೋವರದಲ್ಲಿ ದೋಣಿ ಸಾಗಿದೆ. ಏಕಾಏಕಿ ಬಿರುಗಾಳಿ ಎದ್ದು, ಅಲೆ ಬಡಿದು, ದೋಣಿಯೊಳಗೆ ನೀರು ತುಂಬುತ್ತಿದೆ. ಯೇಸು ಹಿಂಬದಿಯಲ್ಲಿ ತಲೆದಿಂಬಿನ ಮೇಲೆ ಒರಗಿ ನಿದ್ದೆಹೋಗಿದ್ದಾರೆ. ಶಿಷ್ಯರಲ್ಲಿ ಕೆಲವರು ಅದೇ ನೀರಿನಲ್ಲಿ ಬಲೆ ಬೀಸಿ ಬದುಕಿದವರು. ಅವರೇ ಕಂಗಾಲಾಗಿ ಯೇಸುವನ್ನು ಎಬ್ಬಿಸುತ್ತಾರೆ. ಯೇಸು ಎದ್ದು ಗಾಳಿಯನ್ನು ಗದರಿಸಿದೊಡನೆ ನೀರು ಶಾಂತವಾಗುತ್ತದೆ. ಶಿಷ್ಯರ ಭಯ ಮಾತ್ರ ಇಳಿಯುವುದಿಲ್ಲ. ಗಾಳಿಯೂ ನೀರೂ ಮಾತು ಕೇಳುವ ಈತ ಯಾರೆಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ.

ಮಾರ್ಕ ಉತ್ತರ ಬರೆಯುವುದಿಲ್ಲ. ಅದು ಹಳೆಯ ಒಡಂಬಡಿಕೆಯ 107ನೆಯ ಕೀರ್ತನೆಯಲ್ಲಿದೆ. ಅಲ್ಲಿ ಹಡಗಿನವರು ಬಿರುಗಾಳಿಗೆ ಸಿಕ್ಕಿ ದೇವರಿಗೆ ಮೊರೆಯಿಡುತ್ತಾರೆ. ದೇವರು ಗಾಳಿಯನ್ನು ಅಡಗಿಸಿ ಅವರನ್ನು ದಡ ಸೇರಿಸುತ್ತಾನೆ. ಆ ಕೀರ್ತನೆ ಬಾಯಿಪಾಠವಾಗಿದ್ದ ಯೆಹೂದಿಗಳಿಗೆ ಮಾರ್ಕನ ಸೂಚನೆ ಸಾಕಾಗಿತ್ತು.

ಮಾರ್ಕನ ಎರಡನೆಯ ಅಧ್ಯಾಯದಲ್ಲಿಯೂ ಹೀಗೆಯೇ. ಕಪೆರ್ನೌಮಿನ ಮನೆಯೊಂದರಲ್ಲಿ ಕಾಲಿಡಲು ಜಾಗವಿಲ್ಲ. ನಾಲ್ವರು ಸೇರಿ ಮಾಡು ಕಿತ್ತು, ಪಾರ್ಶ್ವವಾಯು ಬಡಿದವನನ್ನು ಹಾಸಿಗೆ ಸಮೇತ ಕೆಳಗಿಳಿಸುತ್ತಾರೆ. ಯೇಸು ಮೊದಲು ಅವನ ಪಾಪಗಳನ್ನು ಕ್ಷಮಿಸುತ್ತಾರೆ. ಕುಳಿತಿದ್ದ ಶಾಸ್ತ್ರಿಗಳು ಸಿಡಿಮಿಡಿಗೊಳ್ಳುತ್ತಾರೆ. ಪಾಪ ಕ್ಷಮಿಸುವ ಅಧಿಕಾರ ದೇವರಿಗೆ ಮಾತ್ರ ಎಂಬ ಅವರ ತತ್ವದಲ್ಲಿ ತಪ್ಪಿರಲಿಲ್ಲ. ಯೇಸುವೂ ಅದನ್ನು ಅಲ್ಲಗಳೆಯದೆ, ಆ ಅಧಿಕಾರ ತನಗಿದೆಯೆಂದು ತೋರಿಸಲು ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ.

ಇನ್ನೊಂದು ಶುಭಸಂದೇಶ ಬರೆದ ಯೋಹಾನನದು ಹೆಚ್ಚು ನೇರವಾದ ದಾರಿ. ಯೇಸು ಸೃಷ್ಟಿಗೂ ಮೊದಲೇ ದೇವರೊಡನಿದ್ದರು, ದೇವರೇ ಆಗಿದ್ದರು ಎಂದು ಆರಂಭದಲ್ಲಿಯೇ ಹೇಳುತ್ತಾನೆ. ಕೊನೆಗೆ, ಪುನರುತ್ಥಾನವನ್ನು ನಂಬದಿದ್ದ ಶಿಷ್ಯ ತೋಮನ ಬಾಯಿಂದಲೇ ಯೇಸುವನ್ನು ದೇವರೆಂದು ಕರೆಸುತ್ತಾನೆ. ಯೋಹಾನನ ಬರಹಕ್ಕೂ ಮೊದಲೇ ಪ್ರೇಷಿತ ಪೌಲ ಫಿಲಿಪ್ಪಿಯವರಿಗೆ ಪತ್ರ ಬರೆದಿದ್ದ. ಎಲ್ಲರೂ ತನಗೇ ಮಂಡಿಯೂರುವರೆಂದು ಹಳೆಯ ಒಡಂಬಡಿಕೆಯ ಯೆಶಾಯನ ಗ್ರಂಥದಲ್ಲಿ ದೇವರು ಹೇಳಿದ್ದನ್ನು ಪೌಲ ಅಲ್ಲಿ ಯೇಸುವಿಗೆ ಅನ್ವಯಿಸುತ್ತಾನೆ.

ಆದರೆ ಬೈಬಲಿನಲ್ಲಿ ಇನ್ನೊಂದು ಮುಖವೂ ಇದೆ. ಯೇಸು ಹಸಿಯುತ್ತಾರೆ, ದಣಿಯುತ್ತಾರೆ, ಅಳುತ್ತಾರೆ. ತಂದೆಯಾದ ದೇವರು ತನಗಿಂತ ದೊಡ್ಡವನೆಂದೂ ಅಂತ್ಯದ ದಿನ ತನಗೂ ತಿಳಿಯದೆಂದೂ ಹೇಳುತ್ತಾರೆ. ಇಂಥ ಮಾತುಗಳ ಬಲದಿಂದ ಅಲೆಕ್ಸಾಂಡ್ರಿಯಾದ ಅರಿಯೂಸ್ ಎಂಬ ಪಾದ್ರಿ, ಯೇಸು ಶ್ರೇಷ್ಠನಾದರೂ ಸೃಷ್ಟಿಯಾದವನೇ ಎಂದು ವಾದಿಸಿದ. 325ರಲ್ಲಿ ಈಗಿನ ತುರ್ಕಿಯ ನಿಸಿಯಾದಲ್ಲಿ ಸೇರಿದ ಬಿಷಪ್ಪರ ಮಹಾಸಭೆ ಅದನ್ನು ತಳ್ಳಿಹಾಕಿ, ತಂದೆಯೂ ಮಗನಾದ ಯೇಸುವೂ ಒಂದೇ ದೈವಸತ್ವವೆಂದು ನಿರ್ಣಯಿಸಿತು. 451ರ ಕಾಲ್ಸೆಡನ್ ಸಭೆ ಯೇಸು ಪೂರ್ಣ ದೇವರೂ ಹೌದು, ಪೂರ್ಣ ಮನುಷ್ಯರೂ ಹೌದು ಎಂದಿತು. ಯೆಹೋವನ ಸಾಕ್ಷಿಗಳಂಥ ಪಂಗಡದವರು ಇಂದಿಗೂ ಇದನ್ನು ಒಪ್ಪುವುದಿಲ್ಲ. ಇಲ್ಲಿನ ಕಾರವಾರ ಕಥೋಲಿಕ ಧರ್ಮಪ್ರಾಂತ್ಯ 1976ರಷ್ಟು ಈಚೆಗೆ ಹುಟ್ಟಿದ್ದು. ಅದರ ಇಗರ್ಜಿಗಳು ನಂಬುವುದು ಮಾತ್ರ ಆ ಹಳೆಯ ನಿರ್ಣಯವನ್ನೇ.

ಹಾಗಾಗಿ ಕ್ರೈಸ್ತರು ಹಲವು ದೇವರುಗಳ ಸಾಲಿಗೆ ಯೇಸುವನ್ನು ಸೇರಿಸುತ್ತಾರೆ ಎಂದುಕೊಂಡರೆ ತಪ್ಪಾಗುತ್ತದೆ. ಒಬ್ಬನೇ ದೇವರು ಎಂಬ ಯೆಹೂದಿ ನಂಬಿಕೆಯನ್ನು ಬಿಡದೆ, ಆ ಒಬ್ಬ ದೇವರೇ ಯೇಸುವಿನಲ್ಲಿ ಒಮ್ಮೆ, ಒಂದೇ ಸಲ, ಮನುಷ್ಯನಾದ ಎನ್ನುತ್ತಾರೆ. ಒಪ್ಪುವುದು ಬಿಡುವುದು ಅವರವರ ಮನಸ್ಸಿಗೆ ಬಿಟ್ಟದ್ದು. ಬೈಬಲ್ ಏನು ಹೇಳುತ್ತದೆಂದು ತಿಳಿಯುವ ಆಸೆಯಿದ್ದರೆ ಮಾರ್ಕನ ನಾಲ್ಕನೆಯ ಅಧ್ಯಾಯವನ್ನೂ 107ನೆಯ ಕೀರ್ತನೆಯನ್ನೂ ಜೊತೆಗಿಟ್ಟು ಓದಿ. ಅರ್ಧ ಗಂಟೆ ಸಾಕು.