ಮಳೆಯುಡುಪು: ಮ್ಯಾಕಿಂಟಾಷೂ ಗೊರಬೂ



ಲಂಡನ್ ನಗರದಲ್ಲಿ ಒಂದು ವರ್ಷಕ್ಕೆ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ೧೯೪೬ನೆಯ ಇಸವಿಯ ಆಗಸ್ಟ್ ತಿಂಗಳೊಂದರಲ್ಲಿಯೇ ೪,೫೦೮ ಮಿಲಿಮೀಟರು ಮಳೆ ಸುರಿಯಿತು. ಎಂದರೆ, ಲಂಡನ್ನಿನವರು ಏಳು ವರ್ಷಗಳ ಕಾಲ ಕೊಡೆ ಹಿಡಿದು ಕಳೆಯುವ ಮಳೆಯನ್ನು ಆಗುಂಬೆಯವರು ಮೂವತ್ತೊಂದು ದಿನಗಳಲ್ಲಿ ಕಂಡರು. ಹೀಗಿದ್ದರೂ ಮಳೆಯುಡುಪಿನ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಇಂಗ್ಲೆಂಡಿನಿಂದಲೇ ಆರಂಭಿಸುತ್ತಾರೆ. ಅಲ್ಲಿ ಪುಸ್ತಕಗಳಿವೆ, ಪೇಟೆಂಟುಗಳಿವೆ, ಅಂಗಡಿಗಳ ಚಿತ್ರಪಟಗಳಿವೆ. ನಮ್ಮಲ್ಲಿ ಅವು ಯಾವುವೂ ಇಲ್ಲ. ನಾನೂ ಅಲ್ಲಿಂದಲೇ ಆರಂಭಿಸುವೆನು. ಆದರೆ ನನ್ನ ದಾರಿ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಗದ್ದೆಯಂಚಿಗೆ ಬಂದು ಮುಟ್ಟತಕ್ಕದ್ದು.

ವಿಕ್ಟೋರಿಯಾ ರಾಣಿ ಪಟ್ಟವೇರಿದುದು ೧೮೩೭ರಲ್ಲಿ. ಅದಕ್ಕೆ ಹದಿನಾಲ್ಕು ವರ್ಷಗಳ ಹಿಂದೆ, ೧೮೨೩ರಲ್ಲಿ, ಚಾರ್ಲ್ಸ್ ಮ್ಯಾಕಿಂಟಾಷ್ ಎಂಬ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞನು ರಬ್ಬರನ್ನು ನಾಫ್ತಾ ಎಂಬ ಎಣ್ಣೆಯಲ್ಲಿ ಕರಗಿಸಿ, ಆ ದ್ರವವನ್ನು ಎರಡು ಬಟ್ಟೆಗಳ ನಡುವೆ ಬಳಿದು ಒತ್ತಿ, ನೀರು ಇಳಿಯದ ಬಟ್ಟೆಯೊಂದನ್ನು ಸಿದ್ಧಪಡಿಸಿ ಪೇಟೆಂಟು ಪಡೆದಿದ್ದನು. ಎರಡು ಪದರ, ನಡುವೆ ನೀರನ್ನು ತಡೆಯುವ ಮೂರನೆಯ ಪದರ: ಈ ಕಟ್ಟಡವನ್ನು ತಾವು ನೆನಪಿನಲ್ಲಿಡಬೇಕು, ಇದು ನಮಗೆ ಮತ್ತೊಮ್ಮೆ ಎದುರಾಗಲಿದೆ. ಬಟ್ಟೆಯೇನೋ ಆಯಿತು, ಅಂಗಿ ಆಗುವುದು ಅಷ್ಟು ಸುಲಭವಾಗಲಿಲ್ಲ. ದರ್ಜಿಯ ಸೂಜಿ ಚುಚ್ಚಿದ ಕಡೆಯಲ್ಲೆಲ್ಲ ಒಂದೊಂದು ರಂಧ್ರ, ರಂಧ್ರದ ಮೂಲಕ ನೀರು. ಚಳಿಯಲ್ಲಿ ಅದು ಮರದ ಹಲಗೆಯಂತೆ ಸೆಟೆಯುತ್ತಿದ್ದಿತು, ಬಿಸಿಲಿನಲ್ಲಿ ಅಂಟುತ್ತಿದ್ದಿತು. ಅದರ ವಾಸನೆಯಂತೂ ಪ್ರಸಿದ್ಧವಾದುದೇ. ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾಂಕಾಕನು ೧೮೪೩ರಲ್ಲಿಯೂ ಅಮೆರಿಕದಲ್ಲಿ ಚಾರ್ಲ್ಸ್ ಗುಡ್‌ಇಯರನು ೧೮೪೪ರಲ್ಲಿಯೂ ರಬ್ಬರಿಗೆ ಗಂಧಕವನ್ನು ಬೆರೆಸಿ ಕಾಯಿಸುವ ಕ್ರಮಕ್ಕೆ ಪೇಟೆಂಟು ಪಡೆದ ಮೇಲೆ ಸೆಟೆಯುವ, ಅಂಟುವ ದೋಷಗಳು ಬಹುಮಟ್ಟಿಗೆ ನಿವಾರಣೆಯಾದವು.

ಆದರೆ ರಬ್ಬರಿನ ದೋಷಕ್ಕಿಂತ ದೊಡ್ಡದೊಂದು ತೊಡಕು ಹೆಂಗಸರ ಉಡುಪಿನ ವಿಷಯದಲ್ಲಿ ಉಳಿದೇ ಇದ್ದಿತು. ೧೮೫೬ರ ಸುಮಾರಿಗೆ ಉಕ್ಕಿನ ಬಳೆಗಳ ಪಂಜರವೊಂದನ್ನು ಲಂಗದೊಳಗೆ ಕಟ್ಟಿಕೊಳ್ಳುವ ಪದ್ಧತಿ ಬಂದಿತು. ಅದಕ್ಕೆ ಕ್ರಿನೊಲಿನ್ ಎಂದು ಹೆಸರು. ಈ ಪಂಜರವನ್ನು ತೊಟ್ಟ ಸ್ತ್ರೀಗೆ ತೋಳುಳ್ಳ ಅಂಗಿಯನ್ನು ಹೊಲಿಯುವುದೆಂತು? ಹುಲ್ಲಿನ ಬಣವೆಗೆ ಹೊದಿಸುವಂತೆ ವಿಶಾಲವಾದ ನಿಲುವಂಗಿಯೊಂದನ್ನು ಮೇಲಿನಿಂದ ಇಳಿಬಿಡಬೇಕಾಯಿತು. ದರ್ಜಿಗಳು ಅದಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಪಂಜರವು ಹೋಗಿ, ೧೮೭೦ರ ಮೇಲೆ ಲಂಗದ ಉಬ್ಬೆಲ್ಲ ಹಿಂಭಾಗಕ್ಕೆ ಸರಿಯಿತು. ಮಳೆಯಂಗಿಯೂ ಹಿಂಭಾಗದಲ್ಲಿ ನೆರಿಗೆಯನ್ನು ತಾಳಿತು. ಅದೇ ವರ್ಷಗಳಲ್ಲಿ ಗಂಡಸರು ಪ್ರಯಾಣಕಾಲದಲ್ಲಿ ತೊಡುತ್ತಿದ್ದ ಅಲ್ಸ್ಟರ್ ಎಂಬ ದಪ್ಪನೆಯ ಉದ್ದ ಕೋಟನ್ನು ಸೊಂಟದಲ್ಲಿ ಸ್ವಲ್ಪ ಬಿಗಿಮಾಡಿ ಹೆಂಗಸರಿಗೂ ಒದಗಿಸಿದರು. ಮೊದಲು ಗಂಡಸಿಗೆ ಹೊಲಿದುದನ್ನು ಆಮೇಲೆ ತಿದ್ದಿ ಹೆಂಗಸಿಗೆ ಕೊಡುವ ಈ ಪದ್ಧತಿ ಬಟ್ಟೆಯೊಂದಕ್ಕೇ ಸೀಮಿತವಲ್ಲವೆಂಬುದನ್ನು ನನ್ನ ಶ್ರೋತೃಗಳಲ್ಲಿರುವ ಸೋದರಿಯರಿಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ತೊಡಕು ಬೆವರಿನದು. ನೀರನ್ನು ಹೊರಗಿಡುವ ಬಟ್ಟೆ ನೀರಾವಿಯನ್ನು ಒಳಗಿಡುತ್ತದೆ. ರಬ್ಬರಿನ ಅಂಗಿಯನ್ನು ತೊಟ್ಟು ಎರಡು ಮೈಲಿ ನಡೆದವಳು ಮಳೆಯಲ್ಲಿ ನೆನೆಯದಿದ್ದರೂ ತನ್ನ ಬೆವರಿನಲ್ಲಿಯೇ ನೆನೆದು ಮನೆಗೆ ಬರುತ್ತಿದ್ದಳು. ವೈದ್ಯರು ಆಕ್ಷೇಪಿಸಿದರು. ಕಂಕುಳಿನಲ್ಲಿ ಗಾಳಿಗಂಡಿಗಳನ್ನು ಕೊರೆದು ನೋಡಿದರು. ತೋಳಿಲ್ಲದೆ ಭುಜದ ಮೇಲೆ ಹರಡಿಕೊಳ್ಳುವ ಮೇಲುಹೊದಿಕೆಯನ್ನು ಮಾಡಿ ನೋಡಿದರು. ಕೊನೆಗೆ ಥಾಮಸ್ ಬರ್ಬರಿ ಎಂಬ ಬಟ್ಟೆಯ ವರ್ತಕನು ೧೮೭೯ರಲ್ಲಿ ನೂಲನ್ನೇ ನೇಯುವುದಕ್ಕೆ ಮುನ್ನ ನೀರು ಹಿಡಿಯದಂತೆ ಹದಮಾಡಿ, ಬಹಳ ಒತ್ತಾಗಿ ನೇಯ್ದು, ಗ್ಯಾಬರ್ಡೀನ್ ಎಂಬ ಬಟ್ಟೆಯನ್ನು ತಂದನು. ೧೮೮೮ರಲ್ಲಿ ಅದಕ್ಕೆ ಪೇಟೆಂಟೂ ದೊರೆಯಿತು. ಅದು ಮಳೆಯನ್ನು ತಕ್ಕಮಟ್ಟಿಗೆ ತಡೆಯುತ್ತಿದ್ದಿತು, ಉಸಿರಾಟಕ್ಕೂ ಎಡೆಗೊಡುತ್ತಿದ್ದಿತು. ಕುರಿಕಾಯುವವರ ನಿಲುವಂಗಿ ಕುರಿಯ ಮೈಜಿಡ್ಡಿನಿಂದ ನೀರನ್ನು ಹಿಡಿಯದಿರುವುದನ್ನು ಕಂಡು ಆತನಿಗೆ ಈ ಯೋಚನೆ ಹೊಳೆಯಿತೆಂದು ಪ್ರತೀತಿ. ಇದು ದಿಟವಾದರೆ, ನಮ್ಮ ಚಿತ್ರದುರ್ಗದ ಕಡೆಯ ಕುರುಬರಿಗೆ ಆ ಸಂಗತಿಯಲ್ಲಿ ಹೊಸತೇನೂ ತೋರಲಾರದು.

ಇದರ ನಡುವೆ, ೧೮೮೧ರಲ್ಲಿ, ಲಂಡನ್ನಿನ ಕೆಲವು ಸ್ತ್ರೀಯರು ರ್‍ಯಾಷನಲ್ ಡ್ರೆಸ್ ಸೊಸೈಟಿ ಎಂಬ ಸಂಘವನ್ನು ಕಟ್ಟಿದರು. ಹೆಂಗಸು ತೊಡುವ ಒಳಯುಡುಪುಗಳೆಲ್ಲ ಸೇರಿ ಏಳು ಪೌಂಡು ಮೀರಬಾರದೆಂದು ಅವರು ಕೇಳಿದರು. ಏಳು ಪೌಂಡೆಂದರೆ ಮೂರು ಕಿಲೋಗ್ರಾಮಿಗೂ ಮಿಕ್ಕ ತೂಕ. ಅದು ಅವರು ಕೇಳಿದ ರಿಯಾಯಿತಿ! ೧೮೯೦ರ ಮೇಲೆ ಹೆಂಗಸರು ಬೈಸಿಕಲ್ ಹತ್ತಿದ ಬಳಿಕವೇ ದರ್ಜಿಗಳು ತೊಡುವವಳ ಕಾಲೂ ಕೈಯೂ ಏನು ಮಾಡುತ್ತವೆ ಎಂಬುದನ್ನು ಗಮನಿಸಿ ಮಳೆಯಂಗಿಯನ್ನು ಕತ್ತರಿಸಲಾರಂಭಿಸಿದರು. ಉಡುಪಿನೊಳಗಿನ ದೇಹವು ಕೆಲಸಮಾಡುವ ದೇಹವೆಂಬ ಅರಿವು ಬರಲು ವಿಕ್ಟೋರಿಯಾಳ ಆಳ್ವಿಕೆಯ ಬಹುಭಾಗವೇ ಕಳೆದುಹೋಯಿತು.

ಈಗ ಮಲೆನಾಡಿಗೆ ಬರೋಣ. ಆರಿದ್ರೆ, ಪುನರ್ವಸು, ಪುಷ್ಯ: ಈ ಮಳೆಗಳು ಹಿಡಿದವೆಂದರೆ ಬಿಡುವ ಜಾತಿಯವಲ್ಲ. ಅವು ಹಿಡಿದಿರುವಾಗಲೇ ಗದ್ದೆಯಲ್ಲಿ ಭತ್ತದ ಸಸಿಯನ್ನು ನೆಡಬೇಕು. ಮಳೆ ನಿಲ್ಲಲಿ ಎಂದು ಕಾದರೆ ಬೆಳೆಯಿಲ್ಲ. ಗಂಡಸರು ಉಳುತ್ತಾರೆ, ಅಂಚು ಕಟ್ಟುತ್ತಾರೆ. ಹೆಂಗಸರು ಸಾಲಾಗಿ ನಿಂತು ಸೊಂಟವನ್ನು ಬಾಗಿಸಿ, ಎಡಗೈಯಲ್ಲಿ ಸಸಿಯ ಹಿಡಿಯನ್ನಿಟ್ಟು ಬಲಗೈಯಿಂದ ಕೆಸರಿನಲ್ಲಿ ಊರುತ್ತ, ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ಸಾಗುತ್ತಾರೆ. ಹೀಗೆ ಬೆಳಗಿನಿಂದ ಸಂಜೆಯವರೆಗೆ. ಈ ಕೆಲಸಕ್ಕೆ ಕೊಡೆ ನಿಷ್ಪ್ರಯೋಜಕ. ೧೮೫೨ರಲ್ಲಿ ಸ್ಯಾಮ್ಯುಅಲ್ ಫಾಕ್ಸನು ಉಕ್ಕಿನ ಕಡ್ಡಿಗಳನ್ನಿಟ್ಟು ಎಷ್ಟೇ ಹಗುರಮಾಡಿದ್ದರೂ ಕೊಡೆಯು ಒಂದು ಕೈಯನ್ನು ಕೇಳಿಯೇ ಕೇಳುತ್ತದೆ; ನೆಡುವವಳಿಗೆ ಬಿಡುವಾದ ಕೈಯಿಲ್ಲ. ನೆಟ್ಟಗೆ ನಿಂತವನ ಅಂಗಿಯೂ ಸಲ್ಲದು. ನೆಟ್ಟಗೆ ನಿಂತವನಿಗೆ ಮಳೆ ಬೀಳುವುದು ತಲೆ ಭುಜಗಳ ಮೇಲೆ. ಬಾಗಿದವಳಿಗೆ ಬೆನ್ನು ಪೂರ್ತಿಯಾಗಿ ಆಕಾಶಕ್ಕೆ ತೆರೆದಿರುತ್ತದೆ.

ಗೊರಬು ಈ ಬೆನ್ನಿಗಾಗಿ ಹುಟ್ಟಿದ್ದು. ಬಿದಿರನ್ನು ತೆಳ್ಳಗೆ ಸೀಳಿ, ಆ ಸೀಳುಗಳಿಂದ ಕಣ್ಣು ಕಣ್ಣಾದ ಎರಡು ಬಲೆಗಳನ್ನು ಹೆಣೆದು, ಅವೆರಡರ ನಡುವೆ ಕಾಡಿನ ಅಗಲವಾದ ಎಲೆಗಳನ್ನೋ ತಾಳೆಯ ಗರಿಯನ್ನೋ ಒಂದರ ಮೇಲೊಂದು ಸರಿಯುವಂತೆ, ಹಂಚು ಹೊದಿಸಿದಂತೆ ಹಾಸಿ, ಅಂಚನ್ನು ಬಿಗಿಯುತ್ತಾರೆ. ಎರಡು ಪದರ, ನಡುವೆ ನೀರನ್ನು ತಡೆಯುವ ಮೂರನೆಯ ಪದರ. ಮ್ಯಾಕಿಂಟಾಷನ ಪೇಟೆಂಟಿನ ಕಟ್ಟಡವೇ ಇದು, ನಾಫ್ತಾ ಒಂದಿಲ್ಲ. ಆಕಾರದಲ್ಲಿ ಅದು ಅರ್ಧ ದೋಣಿಯನ್ನು ಕವುಚಿದಂತೆ. ಮೇಲ್ತುದಿ ತಲೆಯ ಮೇಲೆ ಟೋಪಿಯಂತೆ ಕೂಡುತ್ತದೆ, ಉಳಿದುದು ಬೆನ್ನಿನುದ್ದಕ್ಕೂ ಸೊಂಟದ ಕೆಳಗಿನವರೆಗೆ ಚಾಚುತ್ತದೆ. ತಲೆಯ ಮೇಲಿಟ್ಟು ಬಾಗಿದರಾಯಿತು. ಎರಡು ಕೈಗಳೂ ಬಿಡುವು. ಗುಂಡಿಯಿಲ್ಲ, ತೋಳಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಬಿದಿರಿನ ಬಿಗಿತದಿಂದ ಅದು ತಾನೇ ಕಮಾನಾಗಿ ನಿಲ್ಲುತ್ತದೆ, ಮೈಗೆ ಅಂಟುವುದಿಲ್ಲ. ಬೆನ್ನಿಗೂ ಹೊದಿಕೆಗೂ ನಡುವೆ ಒಂದು ಗೇಣಿನಷ್ಟು ಗಾಳಿಯಾಡುತ್ತದೆ. ಬೆವರಿನ ಆವಿ ಇಕ್ಕೆಲಗಳಿಂದಲೂ ಹೊರಟುಹೋಗುತ್ತದೆ. ಕಂಕುಳಿನಲ್ಲಿ ಗಂಡಿ ಕೊರೆದು ಇಂಗ್ಲೆಂಡಿನವರು ಬಿಡಿಸಲೆತ್ನಿಸಿದ ಸಮಸ್ಯೆ ಇಲ್ಲಿ ಏಳುವುದೇ ಇಲ್ಲ.

ಈ ಉಪಾಯ ಮಲೆನಾಡಿನದೊಂದೇ ಅಲ್ಲ. ಕೊಂಕಣದ ಮರಾಠಿಗರಲ್ಲಿ ಇಂಥದೇ ಇರಲೆಯುಂಟು. ಜಗತ್ತಿನ ಅತ್ಯಧಿಕ ಮಳೆಯ ಊರುಗಳಲ್ಲೊಂದಾದ ಚಿರಾಪುಂಜಿಯ ಖಾಸಿ ಜನರಲ್ಲಿ ಆಮೆಯ ಚಿಪ್ಪಿನಂಥ ಕ್ನುಪ್ ಎಂಬುದುಂಟು. ಒಬ್ಬರಿಂದ ಒಬ್ಬರು ಕಲಿತಿರಬೇಕಾಗಿಲ್ಲ. ಬಿದಿರು, ಎಲೆ, ಬಿಡದ ಮಳೆ, ಬಾಗಿದ ಬೆನ್ನು ಇಷ್ಟೂ ಕೂಡಿದಲ್ಲಿ ಉತ್ತರವೂ ಒಂದೇ ಬಗೆಯದಾಗುತ್ತದೆ.

ಗಂಡಸರದು ಕಂಬಳಿಕೊಪ್ಪೆ. ಬಯಲುಸೀಮೆಯ ಕರಿಯ ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಿಸಿ ತಲೆಗೆ ಕುಲಾವಿಯಂತೆ ಹಾಕಿಕೊಂಡರೆ ಕೊಪ್ಪೆಯಾಯಿತು. ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ಆವಿಯನ್ನು ಹೀರಿಯೂ ಮುಟ್ಟಿದರೆ ಒದ್ದೆಯೆನ್ನಿಸುವುದಿಲ್ಲ, ನೆನೆದರೂ ಬೆಚ್ಚಗಿಡುತ್ತದೆ. ನೇಗಿಲ ಹಿಂದೆ ನಡೆಯುವವನಿಗೆ, ದನದ ಹಿಂದೆ ಹೋಗುವವನಿಗೆ ಅದು ಸಲ್ಲುವ ಉಡುಪು. ಬಾಗಿ ನೆಡುವವಳು ಅದನ್ನು ಹೊದ್ದರೆ ನೀರುಂಡ ಕಂಬಳಿಯ ಭಾರವೆಲ್ಲ ಬೆನ್ನಿನ ಮೇಲೆ. ಆದಕಾರಣ ಒಂದೇ ಮನೆಯಲ್ಲಿ, ಒಂದೇ ಮಳೆಗೆ, ಎರಡು ಬಗೆಯ ಉಡುಪುಗಳು ಬಳಕೆಯಲ್ಲಿದ್ದವು. ಇದನ್ನು ಗಂಡು ಹೆಣ್ಣಿನ ಶೃಂಗಾರದ ಭೇದವೆಂದು ಭಾವಿಸುವುದು ತಪ್ಪು. ಇದು ಕೆಲಸದ ಭಂಗಿಯ ಭೇದ.

ಮಳೆಗೆ ಉಡುಪು ತೊಡಿಸುವ ಬುದ್ಧಿ ಮಲೆನಾಡಿಗರಿಗೆ ಮನುಷ್ಯರ ಮಟ್ಟಿಗೇ ನಿಲ್ಲಲಿಲ್ಲವೆಂಬುದನ್ನೂ ಇಲ್ಲಿ ಹೇಳಬಹುದು. ಮಣ್ಣಿನ ಗೋಡೆಗಳಿಗೆ ಅಡಕೆಯ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಕೊಳೆರೋಗ ತಗುಲದಂತೆ ಅಡಕೆಯ ಗೊನೆಗಳಿಗೆ ಹುಲ್ಲಿನ ಇಲ್ಲವೆ ಹಾಳೆಯ ಕೊಟ್ಟೆ ತೊಡಿಸುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ೧೯೧೦ರ ಸುಮಾರಿಗೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸುವ ಪದ್ಧತಿಯನ್ನು ಬಳಕೆಗೆ ತಂದ ಮೇಲೆ ಕೊಟ್ಟೆಗಳು ಕಡಿಮೆಯಾದವು. ಅಡಕೆಯ ಗೊನೆಯ ಮಳೆಯುಡುಪಿನ ವಿಷಯವಾಗಿ ಒಬ್ಬ ವಿಜ್ಞಾನಿ ತಲೆಕೆಡಿಸಿಕೊಂಡು ಪುಸ್ತಕ ಬರೆದರು. ಗೊರಬಿಗೆ ಆ ಭಾಗ್ಯ ಬರಲಿಲ್ಲ.

ಗೊರಬನ್ನು ಹೊಗಳಿ ಅಟ್ಟಕ್ಕೇರಿಸುವುದು ನನ್ನ ಉದ್ದೇಶವಲ್ಲ. ಅದರ ದೋಷಗಳು ಸ್ಪಷ್ಟವಾಗಿಯೇ ಇವೆ. ನೆಟ್ಟಗೆ ನಿಂತರೆ ಎದೆಯ ಕಡೆಗೆ ಮರೆಯಿಲ್ಲ. ಎದುರುಗಾಳಿಗೆ ಅದು ಹಾಯಿಯಂತಾಗಿ ತಲೆಯನ್ನೇ ಸೆಳೆಯುತ್ತದೆ. ಮಡಿಸಿ ಕಂಕುಳಿನಲ್ಲಿಡುವಂತಿಲ್ಲ. ಎಲೆ ಹುಳಿತು ಉದುರುತ್ತದೆ. ಒಲೆಯ ಮೇಲಿನ ಅಟ್ಟದ ಹೊಗೆಯಲ್ಲಿಟ್ಟು ಕಾಪಾಡಬೇಕು, ಆಗಾಗ ಹೊಸ ಎಲೆ ಸೇರಿಸಬೇಕು. ಅದರ ಅಡಿಯಲ್ಲಿ ದಿನವಿಡೀ ಬಾಗಿದ ಸೊಂಟದ ನೋವನ್ನು ಯಾವ ಗೊರಬೂ ಕಳೆಯಲಿಲ್ಲ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಪ್ಲಾಸ್ಟಿಕ್ ಹಾಳೆ ಮಲೆನಾಡಿನ ಸಂತೆಗಳಿಗೆ ಬಂದಿತು. ಅದು ಅಗ್ಗ, ಹಗುರ, ಮಡಿಸಿದರೆ ಮುಷ್ಟಿಯಲ್ಲಿ ಅಡಗುತ್ತದೆ. ಇದರ ಮುಂದೆ ಗೊರಬು ನಿಲ್ಲಲಿಲ್ಲ. ಇದರಲ್ಲಿ ಆಶ್ಚರ್ಯವೂ ಇಲ್ಲ, ಕೊಂಡವರ ತಪ್ಪೂ ಇಲ್ಲ. ಆದರೆ ಇಲ್ಲಿ ನಡೆದ ಒಂದು ಸಂಗತಿಯನ್ನು ನಾವು ಗಮನಿಸಿದಂತೆ ತೋರುವುದಿಲ್ಲ. ಕಂಬಳಿ ಹೋದರೂ ಕೊಪ್ಪೆಯ ಆಕಾರ ಹೋಗಲಿಲ್ಲ. ಪ್ಲಾಸ್ಟಿಕ್ಕನ್ನೂ ಗೊಬ್ಬರದ ಚೀಲವನ್ನೂ ಮೂಲೆ ಮಡಿಸಿ ಕೊಪ್ಪೆ ಮಾಡಬಹುದು. ಗೊರಬು ಮಾಡಲಾಗುವುದಿಲ್ಲ, ಏಕೆಂದರೆ ಗೊರಬಿಗೆ ಎಲುಬು ಬೇಕು. ಗಂಡಸಿನ ಆಕಾರ ಹೊಸ ವಸ್ತುವಿನಲ್ಲಿ ಬದುಕಿ ಉಳಿಯಿತು, ಹೆಂಗಸಿನ ಆಕಾರ ಹಳೆಯ ವಸ್ತುವಿನೊಡನೆಯೇ ಅಳಿಯಿತು. ಈಗ ನೆಡುವವಳೂ ಕೊಪ್ಪೆಯನ್ನೇ ಹೊದೆಯುತ್ತಾಳೆ. ಬಾಗಿದೊಡನೆ ಅದು ಮುಂದಕ್ಕೆ ಜಾರುತ್ತದೆ, ಕೊರಳಿಗೂ ಸೊಂಟಕ್ಕೂ ಹಗ್ಗ ಬಿಗಿಯಬೇಕು. ಬಿಗಿದ ಪ್ಲಾಸ್ಟಿಕ್ ಬೆನ್ನಿಗೆ ಅಂಟಿಕೊಳ್ಳುತ್ತದೆ. ಹೊರಗಿನ ಮಳೆ ಹೊರಗೇ ನಿಂತರೂ ಒಳಗೆ ಬೆವರು ಹನಿಯಾಗಿ ಇಳಿಯುತ್ತದೆ. ೧೮೩೦ರಲ್ಲಿ ರಬ್ಬರಿನ ಅಂಗಿಯ ಮೇಲಿದ್ದ ದೂರೇ ಇದು. ಅಮೆರಿಕದಲ್ಲಿ ರಾಬರ್ಟ್ ಗೋರ್ ೧೯೬೯ರಲ್ಲಿ ಕಂಡುಹಿಡಿದ ಸೂಕ್ಷ್ಮರಂಧ್ರಗಳ ಹಾಳೆಯಿಂದ ಬೆವರಿನಾವಿಯನ್ನು ಹೊರಬಿಡುವ ಮಳೆಯಂಗಿಗಳು ಬಂದಿವೆ. ಬೆಟ್ಟ ಹತ್ತುವವರು ಅವನ್ನು ತೊಡುತ್ತಾರೆ. ಅದರ ಬೆಲೆ ನಾಟಿಯ ಕೂಲಿಯವಳಿಗೆ ನಿಲುಕತಕ್ಕದ್ದಲ್ಲ.

ಗದ್ದೆಗಳೇ ಕಡಿಮೆಯಾಗಿವೆ, ಇನ್ನು ಗೊರಬಿನ ಮಾತೇಕೆ ಎಂದು ಕೆಲವರು ಕೇಳಬಹುದು. ದಿಟ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಗದ್ದೆಗಳು ಶರಾವತಿಯಲ್ಲಿ ಮುಳುಗಿದವು. ಉಳಿದವುಗಳಲ್ಲಿ ಹಲವು ಅಡಕೆಯ ತೋಟಗಳಾದವು. ನೆಡುವ ಯಂತ್ರಗಳೂ ಬಂದಿವೆ. ಆದರೂ ಯಂತ್ರ ಇಳಿಯಲಾಗದ ಜೌಗಿನ ಗದ್ದೆಗಳಲ್ಲಿ, ಮೆಟ್ಟಿಲು ಮೆಟ್ಟಿಲಾದ ಸಣ್ಣ ಮಕ್ಕಿಗಳಲ್ಲಿ ಕೈನಾಟಿಯೇ ಗತಿ. ತೋಟದಲ್ಲಿಯೂ ಮಳೆಗಾಲದ ಬಗ್ಗುಕೆಲಸ ಹೆಂಗಸರದೇ.

ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪನಾಯಕರ ಹೆಸರಿನ ಕೃಷಿ ವಿಶ್ವವಿದ್ಯಾನಿಲಯವಿದೆ. ಅಲ್ಲಿನ ವಿದ್ವಾಂಸರು ಭತ್ತದ ತಳಿಯನ್ನೂ ಅಡಕೆಯ ರೋಗವನ್ನೂ ಪರೀಕ್ಷಿಸುವಂತೆ ಇದನ್ನೂ ಒಂದು ಪ್ರಶ್ನೆಯಾಗಿ ಎತ್ತಿಕೊಳ್ಳಬಾರದೇಕೆ? ಬೇಕಾದುದು ಬಹಳವಲ್ಲ. ಬಾಗಿದ ಬೆನ್ನಿನ ಅಳತೆ. ಆ ಅಳತೆಗೆ ಬಿದಿರಿನದೋ ಬೆತ್ತದ್ದೋ ಹಗುರವಾದ ಎರಡು ಮೂರು ಕಮಾನುಗಳು. ಅವುಗಳ ಮೇಲೆ, ಹರಿದರೆ ಬದಲಿಸಬಹುದಾದ ಹಾಳೆ. ತಲೆಯ ಕಡೆ ಜಾರದಂತೆ ಒಂದು ಸಿಂಬಿ. ಗೊರಬನ್ನು ಹೆಣೆಯಬಲ್ಲ ಕೈಗಳು ಹಳ್ಳಿಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿವೆ. ಅವರನ್ನು ಕರೆಸಿ ಕೇಳಬೇಕು. ಮಾಡಿದುದನ್ನು ಒಂದು ಪುಷ್ಯದ ಮಳೆಯಲ್ಲಿ ನಾಟಿಯ ಸಾಲಿನಲ್ಲಿರುವ ಹೆಂಗಸರ ಬೆನ್ನಿಗೇ ಕೊಟ್ಟು, ಸಂಜೆಯ ಹೊತ್ತಿಗೆ ಒಳಗಿನ ರವಿಕೆ ಎಷ್ಟು ಒದ್ದೆಯಾಗಿದೆಯೆಂದು ಅವರನ್ನೇ ವಿಚಾರಿಸಬೇಕು.