ಗಡಿನಾಡಿನ ಮಕ್ಕಳಿಗೆ ಲೆಕ್ಕದ ಸಂಜೆಪಾಠ

(ಉತ್ಸವದ ಸಭೆಯಲ್ಲಿ ನೀಡಿದ ಉಪನ್ಯಾಸ)



ದೇವರ ಸನ್ನಿಧಿಯಲ್ಲಿ ಮಕ್ಕಳ ಲೆಕ್ಕದ ಮಾತೇಕೆ ಎಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ಪಂಚಾಂಗದ ತಿಥಿಯಿಂದ ಹಿಡಿದು ಅನ್ನಸಂತರ್ಪಣೆಯ ಅಕ್ಕಿಯವರೆಗೆ ಗುಡಿಯಲ್ಲಿ ನಡೆಯುವುದೆಲ್ಲ ಲೆಕ್ಕವೇ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ, ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು ಆದವಾನಿ, ಆಲೂರುಗಳೊಡನೆ ಆ ರಾಜ್ಯಕ್ಕೆ ಸೇರಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರ ಏಪ್ರಿಲ್ 4ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗಡಿಗಳು ಬದಲಾದರೂ ಎಷ್ಟೋ ಮನೆಗಳ ಮಾತು ಕನ್ನಡವಾಗಿಯೇ ಉಳಿಯಿತು. ಮಗು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುತ್ತದೆ. ಮುಂದೆ ಕಾಲೇಜಿನಲ್ಲಿ ಇಂಗ್ಲಿಷ್ ಎದುರಾಗುತ್ತದೆ.

ಇದರ ಭಾರ ಹೆಚ್ಚಾಗಿ ಬೀಳುವುದು ಲೆಕ್ಕದ ಮೇಲೆ. ಕನ್ನಡದ ಮಗ್ಗಿ ತೆಲುಗಿನಲ್ಲಿ ಎಕ್ಕಂ. ಕನ್ನಡ ಪುಸ್ತಕದ ಲ.ಸಾ.ಅ. ತೆಲುಗು ಪುಸ್ತಕದಲ್ಲಿ ಕ.ಸಾ.ಗು. ಲೆಕ್ಕ ಒಂದೇ, ಹೆಸರು ಎರಡು. ಹೆಸರಿಗೆ ಹೆದರಿ ಸುಮ್ಮನೆ ಕುಳಿತ ಹುಡುಗನಿಗೆ ದಡ್ಡನೆಂಬ ಪಟ್ಟ ಕಟ್ಟುವುದು ಸುಲಭ. ಆ ಪಟ್ಟ ಹತ್ತನೆಯ ತರಗತಿಯವರೆಗೂ ಬಿಡುವುದಿಲ್ಲ. ಅಲ್ಲಿಗೆ ಓದೇ ನಿಂತುಹೋಗುವುದೂ ಉಂಟು.

ಆದ್ದರಿಂದ ಸಂಜೆಪಾಠವೆಂದರೆ ಶಾಲೆಯ ಲೆಕ್ಕವನ್ನೇ ಮತ್ತೊಮ್ಮೆ ಬರೆಸುವುದಲ್ಲ. ತೆಲುಗಿನಲ್ಲಿ ಕಾಲು ಭಾಗಕ್ಕೆ ಪಾವು, ಮುಕ್ಕಾಲಿಗೆ ಮುಪ್ಪಾವು ಎನ್ನುತ್ತಾರೆ. ಪಾವು ಎಂಬ ಮಾತು ಕನ್ನಡದ ಮನೆಗೂ ಹೊಸದಲ್ಲ. ಅಜ್ಜಿ ಅಕ್ಕಿ ಅಳೆಯುತ್ತಿದ್ದದ್ದು ಪಾವಿನಲ್ಲೇ; ಸೇರಿಗೆ ನಾಲ್ಕು ಪಾವು. ಆ ಹಳೆಯ ಪಾವನ್ನು ಅಟ್ಟದಿಂದ ಇಳಿಸಿ ಮಗುವಿನ ಕೈಗೆ ಕೊಟ್ಟು, ಸೇರು ತುಂಬಿಸಲು ಹೇಳಿದರೆ ಭಿನ್ನರಾಶಿಯೂ ತಿಳಿಯಿತು, ತೆಲುಗು ಹೆಸರೂ ಬಂತು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮನೆಗಳಿವೆ. ಅಲ್ಲಿಯ ಟೇಪು ಅರ್ಧ ಇಂಚು, ಕಾಲು ಇಂಚುಗಳನ್ನು ಹಲಗೆಗಿಂತ ಚೆನ್ನಾಗಿ ಕಲಿಸೀತು.

ಲೆಕ್ಕಕ್ಕೆ ಎರಡು ಭಾಷೆಯ ನಂಟು ಹೊಸದೇನೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಕಾಲದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಮಹಾವೀರನು ಜಿನಪೂಜೆಯ ಹೂವುಗಳಿಂದ ಲೆಕ್ಕ ಕಟ್ಟಿದರೆ, ಮಲ್ಲನನು ಶಿವನನ್ನು ತಂದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದನು.

ಅದೇ ದಾರಿಯಲ್ಲಿ ಇಂದಿನ ಮಕ್ಕಳನ್ನೂ ಕೇಳಬಹುದು: ಬುಟ್ಟಿಯ ಹೂವಿನಲ್ಲಿ ಅರ್ಧ ಮೂಲವಿಗ್ರಹಕ್ಕೆ, ಕಾಲು ಭಾಗ ಉತ್ಸವಮೂರ್ತಿಗೆ ಹೋಯಿತು, 15 ಹೂ ಉಳಿದವು, ಬುಟ್ಟಿಯಲ್ಲಿ ಇದ್ದದ್ದೆಷ್ಟು? ಅರವತ್ತು ಎಂದ ಮಗುವಿಗೆ ಶಹಭಾಸ್ ಎಂದರಷ್ಟೇ ಸಾಲದು. ಹೇಗೆ ಬಂತೆಂದು ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಬಾಯಿಬಿಟ್ಟು ಹೇಳಿಸಬೇಕು. ತಪ್ಪಿದರೆ ನಗಬಾರದು.

ಇದಕ್ಕೆ ಬೇಕಾದದ್ದು ದೀಪವಿರುವ ಒಂದು ಜಗಲಿ, ಎರಡೂ ಭಾಷೆ ಬಲ್ಲ ಒಬ್ಬರು, ವಾರಕ್ಕೆ ಮೂರು ಸಂಜೆ. ಹೆಣ್ಣುಮಕ್ಕಳು ಕತ್ತಲಾಗುವ ಮುನ್ನ ಮನೆ ಸೇರುವಂತೆ ಹೊತ್ತು ಗೊತ್ತುಮಾಡಬೇಕು. ಕಡಲೆಕಾಯಿ ಕೀಳುವ ದಿನಗಳಲ್ಲಿ ದೊಡ್ಡ ಮಕ್ಕಳು ಹೊಲಕ್ಕೆ ಹೋಗುತ್ತಾರೆ. ತಪ್ಪಿದ ಪಾಠವನ್ನು ಆಮೇಲೆ ಹೇಳಿಕೊಡಬೇಕು. ಪರೀಕ್ಷೆಗೆ ತಿಂಗಳಿರುವಾಗ ಆರಂಭಿಸಿದರೆ ಬಾಯಿಪಾಠವಷ್ಟೇ ಆದೀತು. ಶಾಲೆ ತೆರೆಯುವ ಜೂನ್ ತಿಂಗಳಲ್ಲೇ ಚಾಪೆ ಹಾಸಿರಿ. ಅಟ್ಟದ ಮೇಲೆ ಪಾವು, ಸೇರು ಇರುವವರು ಅವನ್ನು ಮಕ್ಕಳ ಕೈಯಲ್ಲೇ ಕಳುಹಿಸಿರಿ.